ಅತ್ತೆಗೆ ಗಂಜಿ, ಯಜಮಾನರಿಗೆ ಚಪಾತಿ, ನನಗೆ ಉಳಿದದ್ದು

ಪ್ರಶ್ನೆ: ನಾವು ಅಂಕೋಲೆ ಹತ್ತಿರದ ಹಳ್ಳಿಯವರು. ಅತ್ತೆಗೆ 74 ವರ್ಷ, ನಮ್ಮ ಯಜಮಾನರಿಗೆ 53, ನನಗೆ 47. ಮಗಳಿಗೆ 22. ಹುಬ್ಬಳ್ಳಿಯಲ್ಲಿ ಪಿಜಿಯಲ್ಲಿದ್ದು ಓದುತ್ತಾಳೆ. ಎರಡು ತಿಂಗಳ ಹಿಂದೆ ಯಜಮಾನರ ರಕ್ತ ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ 6.1 ಬಂತು. ತೂಕ 78 ಕಿಲೋ. ಡಾಕ್ಟರು ಮಾತ್ರೆ ಕೊಟ್ಟಿಲ್ಲ, ಊಟದಲ್ಲಿ ಪಥ್ಯ ಮಾಡಿ ಅಂದರು. ಅಂದಿನಿಂದ ಮನೆಯಲ್ಲಿ ಮೂರು ಅಡುಗೆ ಆಗುತ್ತಿದೆ. ಅವರಿಗೆ ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ, ರಾತ್ರಿ ನಾಲ್ಕು ಚಪಾತಿ. ಅನ್ನ ಪೂರ್ತಿ ಬಂದ್. ಅತ್ತೆಗೆ ಬೆಳಿಗ್ಗೆ ಒಂದು ದೋಸೆ, ಆಮೇಲೆ ಎರಡೂ ಹೊತ್ತು ಗಂಜಿ, ಉಪ್ಪಿನಕಾಯಿ. ಮುಳ್ಳು ಸಿಕ್ಕಿಕೊಳ್ಳುತ್ತದೆ ಅಂತ ಮೀನು ಬಿಟ್ಟಿದ್ದಾರೆ. ವಯಸ್ಸಾದವರಿಗೆ ಹಗುರ ಊಟವೇ ಒಳ್ಳೆಯದಲ್ವಾ? ಅವರದ್ದು ಏನೂ ತಕರಾರಿಲ್ಲ, ಬಳೆ ಕೈಯಲ್ಲಿ ನಿಲ್ಲುತ್ತಿಲ್ಲ ಅನ್ನುತ್ತಾರೆ, ಅಷ್ಟೇ. ನನಗೆ ಯಾವಾಗಲೂ ಸುಸ್ತು. ಮುಟ್ಟು ಜಾಸ್ತಿ ಹೋಗುತ್ತದೆ. ಹಿಮೋಗ್ಲೋಬಿನ್ 9.8. ಬೀಟ್‌ರೂಟ್ ರಸ ಕುಡಿಯುತ್ತಿದ್ದೇನೆ. ನಲವತ್ತು ದಾಟಿದ ಮೇಲೆ ತಿಂದದ್ದು ಕರಗುವುದಿಲ್ಲ ಅಂತಾರೆ, ರಾತ್ರಿ ಊಟ ಬಿಡಲೇ? ಮಗಳು ತೆಳ್ಳಗಾಗಬೇಕು ಅಂತ ಬೆಳಗಿನ ತಿಂಡಿ ಬಿಟ್ಟಿದ್ದಾಳೆ. ತೆಂಗಿನಕಾಯಿ, ಮೀನು ಎಲ್ಲ ಬಿಡಬೇಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಯಾವ ವಯಸ್ಸಿನವರಿಗೆ ಏನು ಅಡುಗೆ ಮಾಡಬೇಕು, ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಯಜಮಾನರ ಸಕ್ಕರೆಯ ವಿಷಯವೇ ಹೆಚ್ಚಾಗಿದೆ. ನಾನು ಮಾತ್ರ ಓದುತ್ತಾ ನಿಂತದ್ದು ಅತ್ತೆಯ ಬಳೆಯ ಸಾಲಿನಲ್ಲಿ. ಕಾರವಾರದಲ್ಲಿ ಆಹಾರ ಸಲಹೆಯ ಕೆಲಸ ಮಾಡುತ್ತಾ ಇಪ್ಪತ್ತು ವರ್ಷ ದಾಟಿತು. ಬಳೆ ಮೊಣಕೈಯತ್ತ ಜಾರುತ್ತದೆ, ರವಿಕೆ ತೋಳಲ್ಲಿ ದೊಗಳೆಯಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅವರನ್ನೇ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ. ನಿಮ್ಮ ಮನೆಯಲ್ಲಿ ಈಗ ತುರ್ತು ಇರುವುದು ಅತ್ತೆಯದ್ದು. ಎರಡನೆಯದು ನಿಮ್ಮದು. ಯಜಮಾನರದ್ದು ಮೂರನೆಯದು, ಅವರಿಗೆ ಸಮಯವಿದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು ಅಡುಗೆ ಬೇಡ. ಒಂದೇ ಅನ್ನ, ಒಂದೇ ಸಾರು, ಒಂದೇ ಪಲ್ಯ ಸಾಕು. ವಯಸ್ಸಿಗೆ ತಕ್ಕಂತೆ ಬದಲಾಗಬೇಕಾದದ್ದು ಬಡಿಸುವ ಕೈ, ಒಲೆಯ ಮೇಲಿನ ಪಾತ್ರೆ ಅಲ್ಲ.

ಈಗ ಅತ್ತೆಯ ಗಂಜಿಯ ವಿಷಯ. ಗಂಜಿ ಕೆಟ್ಟದ್ದಲ್ಲ. ಗದ್ದೆ ಕೆಲಸ ಮಾಡಿ ಬಂದವರು ದೊಡ್ಡ ಬಟ್ಟಲು ಗಂಜಿ, ಜೊತೆಗೆ ಸುಟ್ಟ ಮೀನು, ಚಟ್ನಿ, ಮಧ್ಯಾಹ್ನ ಮತ್ತೆ ಊಟ ಮಾಡುತ್ತಿದ್ದರು. ಗಂಜಿ ಅವರ ಒಂದು ಹೊತ್ತಿನ ಆಹಾರವಾಗಿತ್ತು. ಅದೇ ಗಂಜಿ ಎರಡೂ ಹೊತ್ತಿನ ಪೂರ್ತಿ ಊಟವಾದಾಗ ಏನಾಗುತ್ತದೆ ಅಂತ ಒಮ್ಮೆ ನನ್ನ ಮೇಜಿನ ಮೇಲೇ ನೋಡಿದೆ. ಒಬ್ಬ ಮಗಳು ತಾಯಿಯನ್ನು ಕರೆತಂದಿದ್ದರು. "ಅಮ್ಮ ಹೊಟ್ಟೆ ತುಂಬ ಉಣ್ಣುತ್ತಾಳೆ, ಆದರೂ ಸೊರಗುತ್ತಿದ್ದಾಳೆ" ಎಂದರು. ದಿನಾ ಉಣ್ಣುವ ಬಟ್ಟಲಲ್ಲೇ ಗಂಜಿ ತನ್ನಿ ಎಂದೆ. ಮರುವಾರ ತಂದರು, ಬಟ್ಟಲು ಕಂಠಮಟ್ಟ ಇತ್ತು. ಜಾಲರಿಯಲ್ಲಿ ಸೋಸಿದೆವು. ತಿಳಿ ಎಲ್ಲ ಇಳಿದ ಮೇಲೆ ಉಳಿದದ್ದು ಒಂದು ಹಿಡಿ ಅಗುಳು. ಅಕ್ಕಿಯ ಲೆಕ್ಕದಲ್ಲಿ 40 ಗ್ರಾಂ ಇರಬಹುದು. ಮಗಳು ಆ ಜಾಲರಿಯನ್ನೇ ನೋಡುತ್ತಾ ಕೂತುಬಿಟ್ಟರು.

40 ಗ್ರಾಂ ಅಕ್ಕಿಯಲ್ಲಿ ಪ್ರೋಟೀನ್ ಬರೀ 3 ಗ್ರಾಂ. ಎರಡು ಹೊತ್ತಿಗೆ 6. ಬೆಳಿಗ್ಗೆ ಒಂದು ದೋಸೆ, ಚಹಾದ ಹಾಲು ಎಲ್ಲ ಸೇರಿಸಿದರೂ ದಿನಕ್ಕೆ 10-12 ಗ್ರಾಂ ದಾಟುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದಂತೆ ದೊಡ್ಡವರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಇದ್ದರೆ ಒಳ್ಳೆಯದು ಎಂದು ವೃದ್ಧರ ಆಹಾರ ಬಲ್ಲ ತಜ್ಞರು ಹೇಳುತ್ತಾರೆ. ಅತ್ತೆಯ ತೂಕ 45 ಕಿಲೋ ಎಂದುಕೊಂಡರೂ ದಿನಕ್ಕೆ 45 ಗ್ರಾಂ ಬೇಕು. ಸಿಗುತ್ತಿರುವುದು ಅದರ ಕಾಲು ಭಾಗ.

"ವಯಸ್ಸಾದವರಿಗೆ ಕಡಿಮೆ ಊಟ ಸಾಕು" ಎಂಬ ಮಾತಿನಲ್ಲಿ ಅರ್ಧ ನಿಜ ಇದೆ. ಅರವತ್ತರ ನಂತರ ದೇಹಕ್ಕೆ ಬೇಕಾದ ಶಕ್ತಿ ನಿಧಾನವಾಗಿ ಕಡಿಮೆಯಾಗುತ್ತದೆ. ಆದರೆ ಪ್ರೋಟೀನ್, ಸುಣ್ಣದ ಅಂಶ (ಕ್ಯಾಲ್ಸಿಯಂ), ಬಿ12, ಡಿ ವಿಟಮಿನ್‌ಗಳ ಅಗತ್ಯ ಕಡಿಮೆಯಾಗುವುದಿಲ್ಲ, ಕೆಲವು ಹೆಚ್ಚೇ ಆಗುತ್ತವೆ. ಮೂವತ್ತರ ನಂತರ ಹತ್ತು ವರ್ಷಕ್ಕೆ ಶೇಕಡ 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ತೊಡೆಯ ಬಲ ಹೋದವರು ಬಚ್ಚಲಿನಲ್ಲಿ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. ಆಮೇಲೆ ಮಂಚ ಬಿಟ್ಟು ಏಳಿಸುವುದು ಎಷ್ಟು ಕಷ್ಟ ಅಂತ ನೋಡಿಕೊಂಡವರಿಗೆ ಗೊತ್ತು. ನನಗೆ ಆ ಬಳೆಯ ಬಗ್ಗೆ ಇರುವ ಭಯ ಇದೇ.

ಊಟ ಬದಲಿಸುವ ಮೊದಲು ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ವಾರವೇ ಹೋಗಿ. ಹಿರಿಯರ ತೂಕ ಆರು ತಿಂಗಳಿಂದ ವರ್ಷದೊಳಗೆ, ತಾವು ಬಯಸದೆ, ಶೇಕಡ 5ಕ್ಕಿಂತ ಜಾಸ್ತಿ ಇಳಿದರೆ ಕಾರಣ ಹುಡುಕಲೇಬೇಕು. ಸಕ್ಕರೆ, ಥೈರಾಯ್ಡ್, ಕ್ಷಯ, ಗಡ್ಡೆ, ಮನಸ್ಸಿನ ಬೇಸರ, ಇವುಗಳಲ್ಲಿ ಯಾವುದೂ ಇರಬಹುದು. ಎಷ್ಟೋ ಸಲ ಕಾರಣ ತೀರಾ ಸಣ್ಣದಿರುತ್ತದೆ, ಅಲುಗಾಡುವ ಒಂದು ದವಡೆ ಹಲ್ಲು. ಮುಳ್ಳಿಗೆ ಹೆದರಿ ಮೀನು ಬಿಟ್ಟೆ ಅಂತ ಹೇಳುವವರ ಬಾಯಿ ತೆರೆಸಿ ನೋಡಿ, ಬಹಳ ಸಲ ಹಲ್ಲೇ ಸಿಗುತ್ತದೆ. ಕಿಡ್ನಿ ಪರೀಕ್ಷೆಯನ್ನೂ ಮಾಡಿಸಿ. ಕಿಡ್ನಿ ಸೋತವರಿಗೆ ನಾನು ಮುಂದೆ ಹೇಳುವಷ್ಟು ಪ್ರೋಟೀನ್ ಕೊಡುವ ಹಾಗಿಲ್ಲ, ಅವರ ಲೆಕ್ಕವೇ ಬೇರೆ.

ಕಿಡ್ನಿ ಸರಿಯಿದ್ದರೆ ಅದೇ ಗಂಜಿಯನ್ನು ಗಟ್ಟಿ ಮಾಡೋಣ. ಎರಡು ಹಿಡಿ ಕುಚಲಕ್ಕಿ ನುಚ್ಚಿಗೆ ಒಂದು ಹಿಡಿ ಹೆಸರುಬೇಳೆ ಸೇರಿಸಿ ಬೇಯಿಸಿ. ಇಳಿಸುವಾಗ ಒಂದು ಚಮಚ ತುಪ್ಪ. ತೂಕ ಇಳಿದವರಿಗೆ ತುಪ್ಪದ ಹೆದರಿಕೆ ಬೇಡ. ದಿನಕ್ಕೊಂದು ಮೊಟ್ಟೆ ಕೊಡಿ, ಬೇಯಿಸಿ ಮೆತ್ತಗೆ ಕಿವುಚಿ ಗಂಜಿಯಲ್ಲೇ ಕಲಸಬಹುದು. ಅದರಿಂದ 6 ಗ್ರಾಂ ಪ್ರೋಟೀನ್. ಒಂದು ಲೋಟ ಹಾಲಿನಿಂದ 6-7. ಒಂದು ಹಿಡಿ ಬೇಳೆಯಿಂದ 6-7. ಒಂದು ಮಧ್ಯಮ ಬಂಗಡೆಯ ಮಾಂಸದಿಂದ ಸುಮಾರು 11. ಅರ್ಧ ಬಟ್ಟಲು ಮೊಸರಿನಿಂದ 3. ಈಗ ಸಿಗುತ್ತಿರುವ 10-12ರ ಜೊತೆ ಸೇರಿಸಿ ಲೆಕ್ಕ ಹಾಕಿ ನೋಡಿ, 45ರ ಹತ್ತಿರ ಬಂತು.

ಬಂಗಡೆಯ ಮುಳ್ಳು ತೆಗೆಯುವುದು ದೊಡ್ಡ ಕೆಲಸವೇನಲ್ಲ. ಬೆಂದ ಬಂಗಡೆಯ ಬೆನ್ನಿಗೆ ಹೆಬ್ಬೆರಳು ಒತ್ತಿ ಉದ್ದಕ್ಕೆ ಎಳೆದರೆ ನಡುಮುಳ್ಳು ಪೂರ್ತಿ ಬಿಡಿಸಿಕೊಂಡು ಬರುತ್ತದೆ. ಉಳಿದದ್ದನ್ನು ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿ ಅತ್ತೆಯ ತಟ್ಟೆಗೆ ಹಾಕಿ. ತಾರ್ಲೆ (ಬೂತಾಯಿ) ಆದರೆ ಹುಳಿ ಹಾಕಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ. ಮುಳ್ಳು ಬೆರಳಲ್ಲಿ ಪುಡಿಯಾಗುವಷ್ಟು ಮೆತ್ತಗಾಗುತ್ತದೆ, ಆಗ ಆ ಮುಳ್ಳೇ ಸುಣ್ಣದ ಅಂಶ ಕೊಡುತ್ತದೆ. ಪುಡಿಯಾಗದ ಮುಳ್ಳನ್ನು ಮಾತ್ರ ತೆಗೆದುಬಿಡಿ.

ಪ್ರೋಟೀನ್ ಪೌಡರ್ ಡಬ್ಬಿ ತರಲೇ ಅಂತ ಕೇಳುವವರು ಬಹಳ. ನುಂಗಲೇ ಆಗದವರಿಗೆ, ಆಸ್ಪತ್ರೆಯಿಂದ ಬಂದವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಹಲವು ಡಬ್ಬಿಗಳಲ್ಲಿ ಸಕ್ಕರೆ ಜಾಸ್ತಿ, ಬೆಲೆಯೂ ಜಾಸ್ತಿ. ಡಬ್ಬಿ ಬಂದ ಮೇಲೆ ಮನೆಯವರು ಊಟದ ಕಡೆ ಗಮನ ಕೊಡುವುದನ್ನು ಬಿಡುತ್ತಾರೆ. ನಿಮ್ಮ ಮನೆಗೆ ಈಗ ಅದು ಬೇಕಿಲ್ಲ.

ಅತ್ತೆಯ ಉಪ್ಪಿನಕಾಯಿ ಕಿತ್ತುಕೊಳ್ಳಬೇಡಿ, ಬಾಯಿರುಚಿ ಹೋದರೆ ಉಣ್ಣುವುದೇ ನಿಲ್ಲುತ್ತದೆ. ಒಂದು ಇಡೀ ಮಿಡಿಯ ಬದಲು ಅರ್ಧ ಕೊಡಿ. ಇನ್ನರ್ಧ ರುಚಿಗೆ ಮುರುಗಲ ಸಾರು, ಒಂದೆಲಗದ ತಂಬುಳಿ ಮಾಡಿ, ಉಪ್ಪು ಕಡಿಮೆ ಹಾಕಿದರೂ ಹುಳಿ ರುಚಿ ಎತ್ತುತ್ತದೆ. ಬಾಯಾರಿಕೆ ಅನ್ನುವುದು ಈ ವಯಸ್ಸಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ. ನಮ್ಮ ಕರಾವಳಿಯ ಏಪ್ರಿಲ್-ಮೇ ಸೆಕೆಯಲ್ಲಿ ಕೇಳಿ ಕೇಳಿ ನೀರು, ಮಜ್ಜಿಗೆ ಕೊಡಬೇಕು. ಬಿ12 ಪರೀಕ್ಷೆಯೂ ಮಾಡಿಸಿ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ವರ್ಷಗಟ್ಟಲೆ ಗ್ಯಾಸ್ ಮಾತ್ರೆ ನುಂಗುವವರಿಗೆ, ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಕೊರತೆ ಇನ್ನೂ ಜಾಸ್ತಿ. ಕಾಲು ಜೋಮು, ಮರೆವು ಎಂದರೆ "ವಯಸ್ಸಾಯ್ತು" ಅಂತ ಬಿಟ್ಟುಬಿಡುತ್ತೇವೆ. ಹಲವು ಸಲ ಅದು ಬಿ12.

ಈಗ ನಿಮ್ಮ ವಿಷಯ. ಹಿಮೋಗ್ಲೋಬಿನ್ 9.8 ಅಂದರೆ ಅದು ಸುಸ್ತಲ್ಲ, ರಕ್ತಹೀನತೆ. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಾದರೆ ಆ ಹೆಸರು. ನೀವೊಬ್ಬರೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತ ಕಡಿಮೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು.

ಬೀಟ್‌ರೂಟ್ ರಸದ ವಿಷಯದಲ್ಲಿ ನಿಮಗೆ ಬೇಸರವಾಗಬಹುದು, ಆದರೂ ಹೇಳಬೇಕು. ಕೆಂಪಾಗಿರುವುದೆಲ್ಲ ರಕ್ತವಾಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ನಿಮ್ಮ ವಯಸ್ಸಿನ, ಮುಟ್ಟು ನಿಲ್ಲದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. 9.8ರಿಂದ ಮೇಲೆ ಬರಲು ಊಟ ಒಂದೇ ಸಾಲದು, ಕಬ್ಬಿಣದ ಮಾತ್ರೆ ಬೇಕು. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಡಿ. ಹೊಟ್ಟೆ ಕಟ್ಟಿದರೆ ಅಥವಾ ವಾಕರಿಕೆ ಬಂದರೆ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿದರೆ ದಿನ ಬಿಟ್ಟು ದಿನ ಕೊಡುತ್ತಾರೆ ಅಥವಾ ಬೇರೆ ಮಾತ್ರೆ ಬರೆಯುತ್ತಾರೆ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಚಹಾ ಬೇಡ. ಸುಣ್ಣದ ಮಾತ್ರೆಯೂ ಇದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ.

ಆದರೆ ತಳ ಸೋರುವ ಕೊಡಕ್ಕೆ ಎಷ್ಟು ನೀರು ಹೊಯ್ದರೇನು? ಮುಟ್ಟು ಯಾಕೆ ಜಾಸ್ತಿ ಹೋಗುತ್ತಿದೆ ಅಂತ ಸ್ತ್ರೀರೋಗ ವೈದ್ಯರಿಗೆ ತೋರಿಸಿ. ನಮ್ಮ ದೇಶದ ಹೆಂಗಸರಿಗೆ 46-47ರ ಆಸುಪಾಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅದಕ್ಕೆ ಮೊದಲು ಏರುಪೇರು ಸಾಮಾನ್ಯ. ಹಾಗಂತ ಎಲ್ಲವನ್ನೂ ಅದರ ಲೆಕ್ಕಕ್ಕೆ ಹಾಕಬಾರದು. ಗರ್ಭಕೋಶದ ಗಡ್ಡೆ, ಥೈರಾಯ್ಡ್ ಇದ್ದರೂ ಹೀಗೇ ಆಗುತ್ತದೆ. ಒಂದು ಸ್ಕ್ಯಾನಿಂಗ್ ಮಾಡಿಸಿದರೆ ಅರ್ಧ ಅನುಮಾನ ತೀರುತ್ತದೆ.

ಊಟದಲ್ಲಿ ನಿಮ್ಮ ಕಡೆ ಸಿಗುವ ಚಿನ್ನ ಎಂದರೆ ಬಳಚು ಎಂಬ ಚಿಪ್ಪುಮೀನು. ಕಾರವಾರದ ಕಡೆ ತಿಸ್ರೆ ಅನ್ನುತ್ತಾರಲ್ಲ, ಅದೇ. ಕಬ್ಬಿಣ, ಬಿ12 ಎರಡೂ ಧಾರಾಳ. ಹೊಳೆಯ ಕೊಳೆ ಅದರೊಳಗೆ ಸೇರುವುದರಿಂದ ನೀರಲ್ಲಿ ಬಿಟ್ಟು ಮರಳು ಬಿಡಿಸಿ, ಪೂರ್ತಿ ಬೇಯಿಸಿಯೇ ತಿನ್ನಬೇಕು. ಬೇಯಿಸಿದಾಗ ಬಾಯಿ ತೆರೆಯದ ಚಿಪ್ಪನ್ನು ಎಸೆಯಿರಿ. ಯೂರಿಕ್ ಆಮ್ಲ ಜಾಸ್ತಿ ಇದ್ದು ಕಾಲ್ಬೆರಳು ಊದುವವರಿಗೆ ಇದು ಆಗುವುದಿಲ್ಲ. ಹರಿವೆ, ಬಸಳೆ ಮಾಡಿದಾಗ ಮೇಲೆ ಲಿಂಬೆ ಹಿಂಡಿ, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ಅಂಕೋಲೆ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬೆಳಿಗ್ಗೆ ತರುವ ಸೊಪ್ಪಿನ ಕಟ್ಟು ನಿಮಗೆ ಸಿಗುತ್ತದೆ. ಪೇಟೆಗಳಲ್ಲಿ ಇರುವವರು ಅಂಥ ತಾಜಾ ಸೊಪ್ಪಿಗೆ ಹಾತೊರೆಯುತ್ತಾರೆ.

ಇನ್ನು ನಲವತ್ತರ ಮೇಲೆ ತಿಂದದ್ದು ಕರಗುವುದಿಲ್ಲ ಎಂಬ ಮಾತು. ಇದನ್ನು ನಾನೂ ಬಹಳ ವರ್ಷ ನಂಬಿದ್ದೆ. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿ ಒಂದು ಅಧ್ಯಯನ ಬಂತು. ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೆ 20ರಿಂದ 60ರವರೆಗೆ ದೇಹ ಸುಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಇರುತ್ತದೆ, ಅರವತ್ತರ ನಂತರ ಇಳಿಯಲು ಶುರುವಾಗುತ್ತದೆ ಎಂದು ಅದರಲ್ಲಿ ಕಂಡಿತು. ಹಾಗಾದರೆ ನಲವತ್ತರಲ್ಲಿ ಮೈ ಬರುವುದು ಯಾಕೆ? ನಡೆಯುವುದು ಕಡಿಮೆಯಾಗಿರುತ್ತದೆ, ನಿದ್ದೆ ಕಡಿಮೆಯಾಗಿರುತ್ತದೆ, ಮಾಂಸಖಂಡ ಸ್ವಲ್ಪ ಕರಗಿರುತ್ತದೆ, ಮುಟ್ಟು ನಿಲ್ಲುವ ಕಾಲದಲ್ಲಿ ಕೊಬ್ಬು ಸೊಂಟ ಬಿಟ್ಟು ಹೊಟ್ಟೆಗೆ ಬರುತ್ತದೆ. ಇದರಲ್ಲಿ ಮುಕ್ಕಾಲು ಪಾಲು ನಮ್ಮ ಕೈಯಲ್ಲಿದೆ.

ರಾತ್ರಿ ಊಟ ಬಿಡಲೇ ಎಂದು ಕೇಳಿದ್ದೀರಿ. ಬೇಡ. ಎಲ್ಲರಿಗೂ ಅದು ತಪ್ಪು ಅಂತಲ್ಲ. ಆದರೆ 9.8 ರಕ್ತ ಇಟ್ಟುಕೊಂಡು ಒಂದು ಹೊತ್ತಿನ ಪ್ರೋಟೀನ್, ಕಬ್ಬಿಣ ಎರಡನ್ನೂ ಕಳೆದುಕೊಂಡರೆ ನೀವು ಎದ್ದು ನಿಲ್ಲುವುದು ಯಾವಾಗ? ಎಂಟು ಗಂಟೆಯೊಳಗೆ ಉಣ್ಣಿ, ಅನ್ನ ಕಡಿಮೆ ಹಾಕಿ, ಮೀನು ಅಥವಾ ಕಾಳು ಜಾಸ್ತಿ ಹಾಕಿಕೊಳ್ಳಿ. ಒಂದು ವಿಷಯ ನೀವು ಬರೆದಿಲ್ಲ, ಆದರೂ ನನಗೆ ಗೊತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವುದು ನೀವು. ಆಗ ಸಾರಿನಲ್ಲಿ ರಸ ಇರುತ್ತದೆ, ಮೀನಿನ ತಲೆ ಇರುತ್ತದೆ, ನಡುವಿನ ತುಂಡು ಇರುವುದಿಲ್ಲ. ಇವತ್ತಿನಿಂದ ಬಡಿಸುವ ಮೊದಲೇ ನಿಮ್ಮ ತುಂಡನ್ನು ಒಂದು ಬಟ್ಟಲಲ್ಲಿ ತೆಗೆದಿಡಿ. ನಾಚಿಕೆ ಪಡಬೇಡಿ. ಇದು ಔಷಧಿ ಅಂತ ಮನೆಯವರಿಗೂ ಹೇಳಿ.

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಸುಣ್ಣದ ಅಂಶ ಬೇಕು, ಮುಟ್ಟು ನಿಂತವರಿಗೆ 1,200. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ ಸಿಗುತ್ತದೆ, 100 ಗ್ರಾಂ ರಾಗಿಯಲ್ಲಿ 350ರ ಹತ್ತಿರ. ಮುಳ್ಳು ಸಹಿತ ತಾರ್ಲೆ, ಎಳ್ಳು, ಸೊಪ್ಪು ಉಳಿದದ್ದನ್ನು ತುಂಬುತ್ತವೆ. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಬಿಸಿಲು ಕಾಣುವುದೇ ಅಪರೂಪ. ಡಿ ವಿಟಮಿನ್ ಒಮ್ಮೆ ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದಷ್ಟೇ ತೆಗೆದುಕೊಳ್ಳಿ. ಯಾರೋ ಕೊಟ್ಟ ವಾರದ ಗುಳಿಗೆಯನ್ನು ದಿನಾ ನುಂಗಿ ಆಸ್ಪತ್ರೆ ಸೇರಿದವರನ್ನು ನೋಡಿದ್ದೇನೆ.

ಯಜಮಾನರಿಗೆ ಬಂದಿರುವುದು ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸ್ತಿಲು. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 5.7ರಿಂದ 6.4 ಇದ್ದರೆ ಹಾಗೆ ಕರೆಯುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 13.6 ಕೋಟಿ ಜನ ಈ ಹೊಸ್ತಿಲ ಮೇಲೆ ನಿಂತಿದ್ದಾರೆ. ಇಲ್ಲಿಂದ ಹಿಂದಕ್ಕೆ ಬರಬಹುದು. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ತೂಕ ಶೇಕಡ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಮೈ ದಂಡಿಸುವುದು ಗುರಿಯಾಗಿತ್ತು. ಹೀಗೆ ಮಾಡಿದವರಲ್ಲಿ ಕಾಯಿಲೆ ಬರುವ ಅಪಾಯ ಶೇಕಡ 58 ತಗ್ಗಿತು. ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಮ್ಮ ಜನರಲ್ಲೂ ಶೇಕಡ 28ರಷ್ಟು ತಗ್ಗಿದ್ದು ಕಂಡಿತು. 78 ಕಿಲೋ ತೂಕದ ನಿಮ್ಮ ಯಜಮಾನರಿಗೆ ಮೊದಲ ಗುರಿ 4 ಕಿಲೋ ಇರಲಿ. ಅದಕ್ಕೆ ಆರು ತಿಂಗಳು ತೆಗೆದುಕೊಳ್ಳಲಿ.

ಅನ್ನ ಬಿಟ್ಟು ಚಪಾತಿ ಹಿಡಿದದ್ದರಿಂದ ಏನಾಯಿತು ನೋಡೋಣ. ನಾಲ್ಕು ಚಪಾತಿಗೆ 120 ಗ್ರಾಂ ಹಿಟ್ಟು. ಅದರಲ್ಲಿ ಸುಮಾರು 80 ಗ್ರಾಂ ಪಿಷ್ಟ. ಎರಡು ಬಟ್ಟಲು ಅನ್ನದಲ್ಲೂ ಅಷ್ಟೇ ಇರುತ್ತದೆ. ಅಂದರೆ ಅವರು ಪಥ್ಯ ಮಾಡುತ್ತಿದ್ದೇನೆ ಅಂದುಕೊಂಡು ಎರಡು ಬಟ್ಟಲು ಅನ್ನ ಉಂಡಂತೆಯೇ ಆಯಿತು, ಅದೂ ಬಾಯಿಗೆ ಹಿಡಿಸದೆ. ರಾಗಿಯದ್ದೂ ಅದೇ ಕಥೆ. ರಾಗಿ ಒಳ್ಳೆಯದೇ. ಆದರೆ ಅದನ್ನು ನುಣ್ಣಗೆ ಬೀಸಿ, ತೆಳ್ಳಗೆ ಕುದಿಸಿ, ಬೆಲ್ಲ ಹಾಕಿ ಕುಡಿದರೆ ಸಕ್ಕರೆ ಸರ್ರನೆ ಏರುತ್ತದೆ. ಜೋನಿ ಬೆಲ್ಲವಾದರೂ ಬೆಲ್ಲವೇ, ರಕ್ತಕ್ಕೆ ಅದು ಸಕ್ಕರೆ.

ಅವರ ಮುಂದೆ ಮೂರು ದಾರಿ ಇವೆ. ಅನ್ನ ಪೂರ್ತಿ ಬಿಡುವುದು ಒಂದು. ಮೊದಲ ತಿಂಗಳು ತೂಕ ಇಳಿಯುತ್ತದೆ, ನಿಜ. ಕರಾವಳಿಯ ಮನುಷ್ಯ ಎಷ್ಟು ದಿನ ಅನ್ನ ಬಿಟ್ಟು ಇರುತ್ತಾನೆ? ನನ್ನ ಹತ್ತಿರ ಬಂದವರಲ್ಲಿ ಬಹುಪಾಲು ಜನ ಮೂರನೇ ತಿಂಗಳಿಗೆ ವಾಪಸ್ ಬಂದು ಮೊದಲಿಗಿಂತ ಜಾಸ್ತಿ ಉಂಡಿದ್ದಾರೆ. ರಾತ್ರಿ ಊಟ ಬಿಡುವುದು ಇನ್ನೊಂದು. ಇವರು ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಹಾಗಾಗಿ ದೊಡ್ಡ ಅಪಾಯವಿಲ್ಲ. ಆದರೆ ಇವರನ್ನು ನೋಡಿ, ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಪಕ್ಕದವರು ಊಟ ಬಿಟ್ಟರೆ ರಾತ್ರಿ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಮೂರನೆಯದು ನಾನು ಹೇಳುವ ದಾರಿ. ಅನ್ನ ಇರಲಿ, ಅಳತೆ ಇರಲಿ. ಒಂದು ಹೊತ್ತಿಗೆ ಒಂದು ಬಟ್ಟಲು. ಕುಚಲಕ್ಕಿ ಸಿಕ್ಕರೆ ಒಳ್ಳೆಯದು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ. ಕುಮಟಾ ಕಡೆ ಅಘನಾಶಿನಿಯ ಗಜನಿ ಗದ್ದೆಯಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಗ್ಗ ಭತ್ತದ ಅಕ್ಕಿ ಸಿಕ್ಕಿದರೆ ಬಿಡಬೇಡಿ, ಅದರ ರುಚಿಯೇ ಬೇರೆ. ಆದರೆ ಕೆಂಪಗಿದೆ ಅಂತ ಎರಡು ಪಾಲು ಉಂಡರೆ ಅದೂ ಬಿಳಿ ಅನ್ನದ ಲೆಕ್ಕವೇ.

ಉಣ್ಣುವ ಕ್ರಮವನ್ನೂ ಸ್ವಲ್ಪ ಬದಲಿಸಲಿ. ಕೂತ ಕೂಡಲೇ ಅನ್ನಕ್ಕೆ ಸಾರು ಕಲಸಬಾರದು. ಮೊದಲು ಪಲ್ಯ, ಮೀನಿನ ತುಂಡು ಅರ್ಧ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಬೇಕು. ಊಟವಾದ ಮೇಲೆ ಕಾಲು ಗಂಟೆ ಅಂಗಳದಲ್ಲಾದರೂ ಓಡಾಡಬೇಕು. ಇವೆರಡಕ್ಕೂ ಒಂದು ಪೈಸೆ ಖರ್ಚಿಲ್ಲ, ಊಟದ ನಂತರದ ಸಕ್ಕರೆ ಮೇಲೆ ಪರಿಣಾಮ ಕಣ್ಣಿಗೆ ಕಾಣುತ್ತದೆ.

ಮೀನು ಯಾಕೆ ಬಿಡಬೇಕು? ಬಂಗಡೆ, ತಾರ್ಲೆಯಂಥ ಮೀನಿನ ಕೊಬ್ಬು ಹೃದಯಕ್ಕೆ ಒಳ್ಳೆಯದು. ವಾರಕ್ಕೆ ಎರಡು ಸಲವಾದರೂ ತಿನ್ನಿ ಎಂದು ನಾವೇ ಹೇಳುತ್ತೇವೆ. ಬಿಡಬೇಕಾದದ್ದು ರವೆ ಮೆತ್ತಿ ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದನ್ನು. ಕಾವಲಿಯ ಮೇಲೆ ಎರಡು ಚಮಚ ಎಣ್ಣೆ ಸಾಕು.

ತೆಂಗಿನಕಾಯಿಯಲ್ಲಿ ಕೊಲೆಸ್ಟ್ರಾಲ್ ಇಲ್ಲ. ಯಾವ ಗಿಡದ ಪದಾರ್ಥದಲ್ಲೂ ಇರುವುದಿಲ್ಲ. ಹಾಗಂತ ತೆಂಗಿನೆಣ್ಣೆ ಅಮೃತ, ಚಮಚದಲ್ಲಿ ಕುಡಿಯಿರಿ ಎಂಬ ಮಾತೂ ಸುಳ್ಳು. ಅದರಲ್ಲಿ ಶೇಕಡ 90ರ ಹತ್ತಿರ ಗಟ್ಟಿ ಜಾತಿಯ ಕೊಬ್ಬು, ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಒಂದು ದೊಡ್ಡ ಕಾಯಿಯ ತಿರುಳು 300 ಗ್ರಾಂ ಇದ್ದರೆ ಅದರಲ್ಲಿ ಮೂರನೇ ಒಂದು ಭಾಗ ಕೊಬ್ಬು. ಮೂರು ಜನರ ಮನೆಯಲ್ಲಿ ದಿನಕ್ಕೊಂದು ಕಾಯಿ ಅರೆದರೆ ತಲೆಗೆ 33 ಗ್ರಾಂ ಕೊಬ್ಬು ಅಲ್ಲಿಂದಲೇ ಬಂತು, ಎಣ್ಣೆ ಬೇರೆ. ಅರ್ಧ ಕಾಯಿಗೆ ಇಳಿಸಿ. ಮಸಾಲೆ ತೆಳ್ಳಗಾಗದಿರಲು ಹುರಿದ ಕೊತ್ತಂಬರಿ ಒಂದು ಚಮಚ ಜಾಸ್ತಿ ಹಾಕಿ, ಒಂದು ಈರುಳ್ಳಿ ಸೇರಿಸಿ ಅರೆಯಿರಿ. ಸಾರು ದಪ್ಪವೇ ಬರುತ್ತದೆ. ಒಗ್ಗರಣೆಗೆ ತೆಂಗಿನೆಣ್ಣೆ, ಉಳಿದದ್ದಕ್ಕೆ ಶೇಂಗಾ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಎಂದು ಹಂಚಿಕೊಳ್ಳಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ.

ಮಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಅವಳು ಉಪದೇಶ ಕೇಳುವ ವಯಸ್ಸಲ್ಲ. ಮೂವತ್ತರ ಹತ್ತಿರದವರೆಗೆ ಮೂಳೆ ಗಟ್ಟಿಯಾಗುತ್ತದೆ, ಆಮೇಲೆ ಕೂಡಿಟ್ಟದ್ದನ್ನು ಖರ್ಚು ಮಾಡುವುದಷ್ಟೇ. ತಿಂಡಿ ಬಿಟ್ಟವಳು ಹನ್ನೊಂದು ಗಂಟೆಗೆ ಸಮೋಸಾ ತಿಂದರೆ ತೆಳ್ಳಗಾಗುವುದಿಲ್ಲ. ಬರುವಾಗ ಹೋಗುವಾಗ ಹುರಿದ ಶೇಂಗಾ, ಪುಟಾಣಿ ಕಟ್ಟಿ ಕಳಿಸಿ. ಪಿಜಿಯಲ್ಲಿ ಕೆಟಲ್ ಇದ್ದರೆ ಎರಡು ಮೊಟ್ಟೆ ಬೇಯಿಸಿಕೊಳ್ಳಲಿ. ತಾಯಿಗೆ ರಕ್ತ ಕಡಿಮೆ ಇರುವ ಮನೆಯಲ್ಲಿ ಮಗಳದ್ದೂ ಒಮ್ಮೆ ನೋಡುವುದು ಒಳ್ಳೆಯದು. ಮುಂದಿನ ಸಲ ಬಂದಾಗ ನಿಮ್ಮ ಜೊತೆಗೇ ಪರೀಕ್ಷೆ ಮಾಡಿಸಿ.

ಒಂದು ಎಚ್ಚರಿಕೆ ಮಳೆಗಾಲಕ್ಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಮೇಲೆ ಶ್ರಾವಣ ಬರುತ್ತದೆ, ಎಷ್ಟೋ ಮನೆಗಳಲ್ಲಿ ಮೀನಿಲ್ಲ. ಸೋಮವಾರ, ಶನಿವಾರ ಹೇಗೂ ಇಲ್ಲ. ಆ ದಿನಗಳಲ್ಲಿ ಊಟ ಅನ್ನ, ಒಣಮೀನು, ಉಪ್ಪಿನಕಾಯಿಗೆ ಇಳಿಯುತ್ತದೆ, ಇಲ್ಲವೇ ಬರೀ ಅನ್ನ, ಸಾರು. ಒಣಮೀನಿನಲ್ಲಿ ಪ್ರೋಟೀನ್ ಇದೆ, ಉಪ್ಪೂ ವಿಪರೀತ ಇದೆ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಅದೇ ಮಿತಿ. ಒಣಮೀನನ್ನು ಬಿಸಿನೀರಲ್ಲಿ ಎರಡು ಸಲ ನೆನೆಸಿ ನೀರು ಚೆಲ್ಲಿ, ಸಾರಿಗೆ ಬೇರೆ ಉಪ್ಪು ಹಾಕಬೇಡಿ. ಬಿಪಿ ಇದ್ದವರು ಅದನ್ನು ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ಉಪ್ಪಿನ ಬದಲು ಪೊಟ್ಯಾಸಿಯಂ ಉಪ್ಪು ಎಂದು ಮಾರುತ್ತಾರೆ, ಕಿಡ್ನಿ ತೊಂದರೆ ಇದ್ದವರಿಗೆ ಮತ್ತು ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಸಾಣಿಕಟ್ಟಾದ ಹರಳುಪ್ಪು ಬಳಸುವ ಮನೆಯವರು ಅಡುಗೆಗೆ ಅಯೋಡಿನ್ ಇರುವ ಉಪ್ಪು ಇಟ್ಟುಕೊಳ್ಳಿ. ಮೀನಿಲ್ಲದ ದಿನಗಳಿಗೆ ಹುರುಳಿ, ಹೆಸರು, ಅಲಸಂದೆ ಮೊದಲೇ ತಂದಿಡಿ. ಮೊಳಕೆ ಬರಿಸಿದರೆ ಅತ್ತೆಗೂ ಬೇಗ ಬೇಯುತ್ತದೆ.

ಶಿರಸಿ, ಸಿದ್ದಾಪುರದ ಕಡೆಯಿಂದ ಮೀನು, ಮೊಟ್ಟೆ ಮುಟ್ಟದ ಓದುಗರೂ ಇದೇ ಪ್ರಶ್ನೆ ಕೇಳುತ್ತಾರೆ. ನಿಮ್ಮ ಲೆಕ್ಕ ಹಾಲು, ಮೊಸರು, ಕಾಳಿನ ಮೇಲೆ ನಿಂತಿದೆ. ನೀರು ಮಜ್ಜಿಗೆಯನ್ನು ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ. ತಂಬುಳಿಗೆ ಗಟ್ಟಿ ಮೊಸರು ಹಾಕಿ, ದಿನಕ್ಕೊಂದು ಬಟ್ಟಲು ಕಾಳು ಬೇಯಲಿ. ಐವತ್ತು ದಾಟಿದವರು ಬಿ12 ನೋಡಿಸಿಕೊಳ್ಳಲೇಬೇಕು.

ಇನ್ನು ನಾಳೆ ಬೆಳಿಗ್ಗೆಯ ಕೆಲಸ. ಅತ್ತೆಯನ್ನು ತೂಕ ಮಾಡಿಸಿ ಕ್ಯಾಲೆಂಡರಿನ ಮೇಲೆ ಬರೆದಿಡಿ, ಪ್ರತಿ ತಿಂಗಳು ಅದೇ ತಾರೀಖಿಗೆ ಮತ್ತೆ ಬರೆಯಿರಿ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಆಗುತ್ತದೆಯೇ ನೋಡಿ, ಬೀಳದ ಹಾಗೆ ಪಕ್ಕದಲ್ಲೇ ನಿಂತಿರಿ. ಆಗದಿದ್ದರೆ ಡಾಕ್ಟರಿಗೆ ಅದನ್ನೂ ಹೇಳಿ. ತಾಲೂಕು ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋಗುವ ದಿನವೇ ನಿಮ್ಮದೂ ಒಂದು ಚೀಟಿ ಮಾಡಿಸಿ. ಯಜಮಾನರ ಮೂರು ತಿಂಗಳ ಸರಾಸರಿ ಮತ್ತೆ ನೋಡಿಸಲು ಇನ್ನೂ ಒಂದು ತಿಂಗಳು ಇದೆ. ಅಷ್ಟರೊಳಗೆ ಆ ನಾಲ್ಕು ಚಪಾತಿ ನಿಲ್ಲಿಸಿ, ಅವರಿಗೂ ಒಂದು ಬಟ್ಟಲು ಅನ್ನ, ಬಂಗಡೆ ಸಾರು ಬಡಿಸಿ. ಮೂರೂ ವರದಿ ಬಂದ ಮೇಲೆ ಮತ್ತೆ ಬರೆಯಿರಿ. ಅತ್ತೆಯ ತೂಕ ಎಷ್ಟಾಯಿತು ಅಂತ ಮೊದಲ ಸಾಲಿನಲ್ಲೇ ತಿಳಿಸಿ.